ಸೊಸೆಯ ಒಪ್ಪತ್ತು

ಕಬ್ಬಿನ ಲೋಡಿನ ಮೇಲಿಂದ ಬಿದ್ದು ಮಗ ಕಾಲು ಮುರಿದುಕೊಂಡ ವರ್ಷ, ಸೊಸೆಯ ಕಳೆ ಕೀಳುವ ಕೂಲಿಯೊಂದೇ ಮನೆಗೆ ದಿಕ್ಕಾಗಿತ್ತು. ಮದ್ದೂರಿನ ಪಕ್ಕದ ಹಳ್ಳಿ ನಮ್ಮದು. ನಾಲೆ ನೀರು ಹರಿಯುವ ಜಮೀನು ಮಾತ್ರ ಬೇರೆಯವರದು. ರೇಷನ್ ಅಕ್ಕಿ ತಿಂಗಳ ಮಧ್ಯಕ್ಕೇ ಮುಗಿಯುತ್ತಿತ್ತು. ಅಡುಗೆ ನನ್ನ ಕೈಲಿತ್ತು. ಡಬ್ಬದಲ್ಲಿ ರಾಗಿ ಹಿಟ್ಟನ್ನು ಸಮ ಮಾಡಿ, ಮೇಲೆ ಅಂಗೈ ಒತ್ತಿ ಮುಚ್ಚಿಡುತ್ತಿದ್ದೆ. ಯಾರಾದರೂ ಕದ್ದರೆ ಗುರುತು ಅಳಿಸಿರುತ್ತದೆ. ನನ್ನ ಅತ್ತೆ ನನಗೆ ಮಾಡಿದ್ದನ್ನೇ ನಾನು ಸೊಸೆಗೆ ಮಾಡಿದೆ.

ಮೊದಲು ಸೋಮವಾರ ಒಪ್ಪತ್ತು ಅಂದಳು, ಸಂಜೆ ಮಾತ್ರ ಊಟ. ಆಮೇಲೆ ಶನಿವಾರ ಸೇರಿತು. ಗುರುವಾರವೂ ಬಂತು. ಉಳಿದ ದಿನ ನಾವೆಲ್ಲ ಉಂಡೆದ್ದ ಮೇಲೆ ಗೋಡೆಗೆ ಮುಖ ಮಾಡಿ ಒಬ್ಬಳೇ ಕೂರುತ್ತಿದ್ದಳು. ಡಬ್ಬದ ಗುರುತು ಹಾಗೇ ಇರುತ್ತಿತ್ತು. ಅದರಿಂದ ನನ್ನ ಅನುಮಾನ ಜಾಸ್ತಿಯೇ ಆಯಿತು. ಇಲ್ಲಿ ತಿನ್ನದವಳು ಬೇರೆಲ್ಲೋ ತಿನ್ನುತ್ತಿರಬೇಕು, ಹೋಟೆಲಿನಲ್ಲಿ ಕೂತು ದೋಸೆ ತಿಂದು ಬರುತ್ತಾಳೆ ಅಂದುಕೊಂಡೆ. ಅವಳ ಸೆರಗು ಮೂಸಿಯೂ ನೋಡಿದ್ದೇನೆ.

ಸ್ವಭಾವವೂ ಕೆಟ್ಟಿತ್ತು. ನೀರಿಗೆ ಹೋದವಳು ಕೊಡ ಮರೆತು ಬರುತ್ತಿದ್ದಳು. ಮೊಮ್ಮಗಳು ಇನ್ನೊಂದು ತುತ್ತು ಕೇಳಿದರೆ ಹೊಡೆಯುತ್ತಿದ್ದಳು.

ಒಂದು ಗುರುವಾರ ಮಧ್ಯಾಹ್ನ, ಕದ್ದು ತಿನ್ನುವಾಗ ಅವಳನ್ನು ಹಿಡಿಯಲೆಂದೇ ಗದ್ದೆಗೆ ಹೋದೆ. ಕೂಲಿ ಹೆಂಗಸರು ಹೊಂಗೆ ಮರದ ಕೆಳಗೆ ಊಟದ ಡಬ್ಬಿ ಬಿಚ್ಚಿದ್ದರು. ಇವಳು ದೂರದ ಬದುವಿನ ಮೇಲೆ ಕೂತು ಬಾಟಲಿ ನೀರು ಕುಡಿಯುತ್ತಿದ್ದಳು.

“ನಿನ್ ಸೊಸೆ ಸನ್ನೇಸಿ ಆಗೋಯ್ತಾಳೆ ಕಣಮ್ಮ,” ಅವರಲ್ಲೊಬ್ಬಳು ನಕ್ಕಳು. “ಕರುದ್ರೆ ಬರಾಕಿಲ್ಲ, ಕೊಟ್ರೆ ಮುಟ್ಟಾಕಿಲ್ಲ.”

“ಎಲ್ಲಾರ ತಿಂದಿರ್ತಾಳೆ ಬುಡು,” ಅಂದೆ.

“ಎಲ್ಲಿ, ನಿಮ್ಮನೇಲಾ?”

ನನ್ನನ್ನು ಕಂಡು ಸೊಸೆ ದಡಕ್ಕನೆ ಎದ್ದಳು. ಎದ್ದವಳು ಅಲ್ಲೇ ಕುಸಿದು ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನನಗೆ ತೋರಿಸಿದರು. ಸುಣ್ಣ ಬಳಿದ ಹಾಗಿತ್ತು. ರಕ್ತ ತೀರಾ ಕಮ್ಮಿ, ಹೊಟ್ಟೆಗಿಲ್ಲದೆ ಬರೀ ಮಾತ್ರೆ ಕೆಲಸ ಮಾಡುವುದಿಲ್ಲ ಅಂದರು. ಆ ಮರೆವು, ಆ ಸಿಟ್ಟು ಕೂಡ ಹಸಿವಿನದೇ ಇರಬಹುದಂತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದೆ. “ಯಾವ್ ದೇವ್ರಿಗೆ ವಾರಕ್ಕೆ ಮೂರ್ ಒಪ್ಪತ್ತು?”

“ಯಾವ್ ದೇವ್ರಿಗೂ ಇಲ್ಲ ಕಣತ್ತೆ. ಇಟ್ಟು ಎಲ್ಲಾರ್ಗೂ ಸಾಲಾಕಿಲ್ಲ. ಒಪ್ಪತ್ತು ಅಂದ್ರೆ ಯಾರೂ ಕೇಳಾಕಿಲ್ಲ, ಅದ್ಕೆ.”

ನನಗೆ ಅಳು ಬರಲಿಲ್ಲ. ಅವಳ ಪಾಲು ತಿಂದವರಲ್ಲಿ ನಾನೂ ಒಬ್ಬಳು ಅನ್ನುವುದು ಗೊತ್ತಾಯಿತು, ಅಷ್ಟೆ.

ಅವತ್ತು ಸಂಜೆ ನಾಲ್ಕು ಮುದ್ದೆ ಕಟ್ಟಿದೆ, ಸಣ್ಣವು, ಎಲ್ಲ ಒಂದೇ ಗಾತ್ರ. ಅವಳು ತಟ್ಟೆ ಹಿಡಿದು ಗೋಡೆಯ ಕಡೆಗೆ ತಿರುಗಿದಳು.

“ಈ ಕಡೀಕ್ ತಿರುಗು.”

“ಉಣ್ತೀನಿ, ನೀವ್ ಓಗಿ ಅತ್ತೆ.”

“ನಾನ್ ನೋಡ್ಬೇಕು.”

ಕೊನೆಯ ತುತ್ತು ಗಂಟಲಿಗಿಳಿಯುವವರೆಗೂ ನಾನು ಕದಲಲಿಲ್ಲ.

ಈಗ ಮಗ ಮತ್ತೆ ದುಡಿಯುತ್ತಾನೆ, ಹಿಟ್ಟಿಗೆ ಕೊರತೆಯಿಲ್ಲ. ಆದರೂ ಅವಳು ಹಸಿವಿಲ್ಲ ಅಂದರೆ ನಾನು ನಂಬುವುದಿಲ್ಲ, ಎದುರಿಗೆ ಕೂತೇ ಉಣ್ಣಿಸುತ್ತೇನೆ. ಅವಳೂ ನನ್ನ ತಟ್ಟೆಯ ಮೇಲೆ ಒಂದು ಕಣ್ಣಿಟ್ಟಿರುತ್ತಾಳೆ. ನನಗೆ ಸಾಕು ಅಂದರೆ ಅವಳೂ ನಂಬುವುದಿಲ್ಲ.