ಬುತ್ತಿ ಗಂಟು ಬಿಚ್ಚಿಸುವ ಸೊಸೆ

ಈಗಷ್ಟೇ ಬೆಳಕು ಹರಿಯುತ್ತಿದೆ. ಆಕ್ಲೆಂಡ್‌ನ ದೋಣಿಕಟ್ಟೆಯಲ್ಲಿ ರತ್ನಪ್ರಭಾ ಮೊಣಕಾಲೂರಿ ಕೂತು ಯಾರದೋ ಬೂಟಿನ ಅಡಿ ಉಜ್ಜುತ್ತಿದ್ದಾರೆ. ಸಂದಿಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜವನ್ನು ಚಿಮಟದಿಂದ ಕಿತ್ತು ಡಬ್ಬಿಗೆ ಹಾಕುತ್ತಾರೆ. "ಇನ್ನೊಂದ್ ಕಾಲು ಕೊಡ್ರಿ ಅಂಕಲ್." ಅಂಕಲ್ ಮುಜುಗರಪಡುತ್ತಲೇ ಕಾಲು ಚಾಚುತ್ತಾರೆ.

ಪ್ರವಾಸಿಗರನ್ನು ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಕರೆದೊಯ್ಯುವ ಸಣ್ಣ ಕಂಪನಿಯಲ್ಲಿ ರತ್ನಪ್ರಭಾಗೆ ಕೆಲಸ. ಹಾಯಿ ಏರಿಸುವುದು, ಹಗ್ಗ ಬಿಗಿಯುವುದು, ದಡ ಹತ್ತಿರವಾದಾಗ ಪುಟ್ಟ ದೋಣಿಗೆ ಜನರನ್ನಿಳಿಸಿ ಹುಟ್ಟು ಹಾಕುವುದು, ಎಲ್ಲ ಅವರೇ. ಫೋಟೊದಲ್ಲಿ ಮಾತ್ರ ಮುಂದೆ ನಿಲ್ಲುವುದು ಕ್ಯಾಪ್ಟನ್. ಆ ದ್ವೀಪಗಳಲ್ಲಿ ಇಲಿಯಿಲ್ಲ, ಹಾಗಾಗಿ ಹಕ್ಕಿಗಳು ಧೈರ್ಯವಾಗಿ ನೆಲದಲ್ಲೇ ಮೊಟ್ಟೆಯಿಡುತ್ತವೆ. ಹೊರಗಿನ ಬೀಜ ಬಿದ್ದರೆ ಕಳೆ ಹಬ್ಬುತ್ತದೆ; ಯಾರದೋ ಚೀಲದಲ್ಲಿ ಇಲಿಯೋ ಇರುವೆಯೋ ದಡ ಸೇರಿದರೆ ಮರಿಗಳಿಗೆ ಉಳಿಗಾಲವಿಲ್ಲ, ರತ್ನಪ್ರಭಾಗೆ ಕೆಲಸವೂ ಇಲ್ಲ.

ಬಾಗಲಕೋಟೆಯ ಈ ಹೆಣ್ಣುಮಗಳು ಎಂ.ಎ. ಓದಿದವರು, ಗಂಡ ಕಲ್ಲೇಶ್ ಎಂಜಿನಿಯರ್. ಇಲ್ಲಿನ ಸ್ಯಾಂಡ್ರಿಂಗಮ್ ಬಡಾವಣೆಯ ನಮ್ಮ ಕನ್ನಡದವರ ನಾಲಿಗೆಗೆ ಎಲುಬಿಲ್ಲ: "ಓದಿದಾಕಿ, ಮಂದಿ ಬೂಟು ತಿಕ್ಕತಾಳ!"

"ಹೌದ್ರಿ, ತಿಕ್ಕತೀನಿ. ಗಾಳಿ ಯಾವ ಕಡಿಂದ ಬರತೈತಿ ಅಂತ ಈಗ ನನ್ನ ಮಾರೀಗೇ ಗೊತ್ತಾಗತೈತಿ. ಇದನ್ನ ಬಿಟ್ಟು ಮನ್ಯಾಗ ಕುಂಡ್ರಂಗಿಲ್ಲ" ಎನ್ನುತ್ತಾರೆ ರತ್ನಪ್ರಭಾ.

ಮನೆಯೊಳಗೇ ಬೆಂಕಿ ಬಿದ್ದದ್ದು ಹೋದ ಸಂಕ್ರಾಂತಿಗೆ. ಕನ್ನಡದವರೆಲ್ಲ ದ್ವೀಪದಲ್ಲಿ ಬುತ್ತಿ ಊಟ ಮಾಡಲು ಇದೇ ದೋಣಿ ಹತ್ತಿದ್ದರು. ಜೊತೆಯಲ್ಲೇ ವಾಸವಿರುವ ಮಾವ ಶಿವಪುತ್ರಪ್ಪನವರ ಕೈಯಲ್ಲಿ ಸಜ್ಜೆ ರೊಟ್ಟಿ, ಬೆಲ್ಲದ ಗಂಟು. ಬಿಚ್ಚಿ ತೋರಿಸಿ ಎಂದರು ಸೊಸೆ. ನಾಲ್ಕು ಜನರೆದುರು ಸೊಸೆಯ ಮಾತು ಕೇಳುವುದೇ? ಮಾವ ಬಿಚ್ಚಲಿಲ್ಲ, ಸೊಸೆ ಅವರನ್ನು ದ್ವೀಪಕ್ಕೆ ಇಳಿಸಲಿಲ್ಲ. ಇಡೀ ದಿನ ಅವರು ದೋಣಿಯಲ್ಲೇ ಕೂತರು. ಅಂದಿನಿಂದ ಆಕೆಯ ಜೊತೆ ಮಾತಿಲ್ಲ, ಆಕೆ ಮಾಡಿದ ಚಹಾ ಮುಟ್ಟಿಲ್ಲ. ಎಪ್ಪತ್ತು ದಾಟಿದ ಮೇಲೆ ಸ್ವತಃ ಚಹಾ ಮಾಡಲು ಕಲಿತರು, ಅದೊಂದು ಲಾಭ.

ಇಂದು ಮತ್ತೆ ಸಂಕ್ರಾಂತಿಯ ಪ್ರವಾಸ. ಸಾಲಿನ ಕೊನೆಯಲ್ಲಿ ಶಿವಪುತ್ರಪ್ಪ, ಕೈಯಲ್ಲಿ ಮತ್ತೆ ಅಂಥದೇ ಬುತ್ತಿ ಗಂಟು. ಈ ಸಲ ಬಿಟ್ಟುಬಿಡಿ ಎಂದು, ಇದನ್ನು ಬರೆಯಲು ಬಂದಿರುವ ನಾನೇ ಪಿಸುಗುಟ್ಟುತ್ತೇನೆ. ರತ್ನಪ್ರಭಾ ನನ್ನತ್ತ ತಿರುಗುವುದೂ ಇಲ್ಲ.

"ಮಾವಾರ, ಗಂಟು ಬಿಚ್ಚರಿ."

ಮಾವ ಹೋದ ವರ್ಷ ದಿನವಿಡೀ ಕೂತಿದ್ದ ದೋಣಿಯನ್ನೊಮ್ಮೆ ನೋಡಿ, ನೆಲಕ್ಕೆ ಕೂತು, ತಾವೇ ಗಂಟು ಬಿಚ್ಚುತ್ತಾರೆ. ಬೆಲ್ಲದ ಮೇಲೆ ಇರುವೆ.

"ಒಂದ ಇರುವಿ ಐತಲ್ಲವ್ವಾ."

"ಒಂದಿದ್ರೂ ಬುತ್ತಿ ಹೋಗಂಗಿಲ್ರಿ. ನೀವು ಬರ್ರಿ."

"ಬುತ್ತಿ ಬಿಟ್ಟು ನಾ ಬರಂಗಿಲ್ಲ" ಎನ್ನುವ ಮಾವ ರೊಟ್ಟಿ ಮುರಿದು ಅಲ್ಲೇ ಉಣ್ಣತೊಡಗುತ್ತಾರೆ. ಅರ್ಧ ರೊಟ್ಟಿಯನ್ನು ಸೊಸೆಯ ಕಡೆಗೂ ಚಾಚುತ್ತಾರೆ. ದೋಣಿ ಕಾಯುತ್ತದೆ. ಬುತ್ತಿ ಮುಗಿಸಿ, ಗಂಟಿನ ಬಟ್ಟೆ ಕೊಡವಿ, ಕಾಲು ಮುಂದಿಡುತ್ತಾರೆ: "ಹ್ಞಾಂ, ಈಗ ಬೂಟು ನೋಡು."

ರತ್ನಪ್ರಭಾ ಬ್ರಷ್ ಎತ್ತಿಕೊಳ್ಳುತ್ತಾರೆ. ಇನ್ನೇನು ಆಸೆ ಎಂದು ಆಮೇಲೆ ಅವರನ್ನು ಕೇಳುತ್ತೇನೆ.

"ನಾಳೆ ಮಾವಾರು ನಾ ಮಾಡಿದ ಚಹಾ ಕುಡದ್ರ ಸಾಕ್ರಿ. ಕುಡೀಲಿಲ್ಲಂದ್ರೂ, ಬರೋ ವರ್ಷನೂ ಗಂಟು ಬಿಚ್ಚಿಸಾಕೀನ ನಾ."