ಬ್ರೇಕಕ್ಕನ ಕಾರು ಕುಡಿದ ನೀರು

ಡ್ರೈವಿಂಗ್ ಕಲಿಸುವ ಆ ಹೆಂಗಸನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನಗೆಂದೇ ಇಟ್ಟ ಎರಡನೆಯ ಬ್ರೇಕಿನ ಮೇಲೆ ಪಾದವಿಟ್ಟುಕೊಂಡೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಮನೆಯಲ್ಲಿ ಮಗಳು ಹೊಸಿಲ ಮೇಲೆ ಎಡವಿದರೂ ಕೂತಲ್ಲೇ ಅವಳ ಕಾಲು ನೆಲ ಒತ್ತುತ್ತಿತ್ತು. ತನ್ನ ಪಕ್ಕ ಕೂತವರ ಕೂದಲೂ ಕೊಂಕಬಾರದು ಎಂಬುದೊಂದೇ ಅವಳ ಹಠ. ಇಷ್ಟು ವರ್ಷದಲ್ಲಿ ಕೊಂಕಿಯೂ ಇರಲಿಲ್ಲ.

ಡ್ರೈವಿಂಗ್ ಶಾಲೆ ಅವಳ ಸ್ವಂತ ಅಕ್ಕನ ಗಂಡನದು. ಕಾರೂ ಅವನದೇ. ಸಿಟ್ಟು ಮಾತ್ರ ಅವಳದು.

ಒಂದು ಬೆಳಿಗ್ಗೆ ಶೆಡ್ಡಿನಿಂದ ಕಾರು ತೆಗೆದಾಗ, ಎಂಜಿನ್ನಿನ ಕೆಳಗಿದ್ದ ಜಾಗದಲ್ಲಿ ಅಂಗೈಯಗಲ ಹಸಿರು ನೀರು ಕಂಡಿತು. ಬೆರಳದ್ದಿದಳು. ಜಾರುತ್ತಿತ್ತು; ಎಂಜಿನ್ ತಣ್ಣಗಿಡುವ ದ್ರವವೇ.

"ಭಾವ, ಕೂಲೆಂಟ್ ಸೋರ್ತಿದೆ. ವಾಟರ್ ಪಂಪ್ ಹೋಗಿರ್ಬೇಕು."

"ಅದು ಎಸಿ ನೀರಮ್ಮ."

"ಎಸಿ ಸತ್ತು ಯಾವ ಕಾಲ ಆಯ್ತು! ಸತ್ತಿದ್ದು ಬೆವರತ್ತಾ?"

ಆಮೇಲೆ ಎಂಜಿನ್ ಬೆಲ್ಟಿನ ಕಡೆಯಿಂದ ಸಣ್ಣ ಕೀರಲು ದನಿ ಶುರುವಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಗಂಟಲು ಏರುತ್ತಿತ್ತು. "ರೇಡಿಯೋ ಹಾಕ್ಕೋ" ಎಂದ ಭಾವ. ಸಿಗ್ನಲ್ಲಿನಲ್ಲಿ ನಿಂತರೆ, ಏರು ಹತ್ತಿದರೆ, ಶಾಖದ ಸೂಜಿ ಕೆಂಪು ಗೆರೆಯತ್ತ ತೆವಳುತ್ತಿತ್ತು. ಅದನ್ನೂ ಹೇಳಿದಳು.

"ನೀನು ಮೀಟರ್ ನೋಡೋದು ಬಿಡು, ರಸ್ತೆ ನೋಡು. ನೀರು ಕಮ್ಮಿ ಆದ್ರೆ ಹಾಕು. ಅಷ್ಟಕ್ಕೆ ಇಷ್ಟು ರಂಪ ಯಾಕೆ?"

ಹಾಗೆ ಆ ಶಾಲೆಯಲ್ಲಿ ಮೊದಲ ಪಾಠವೇ ಬದಲಾಯಿತು. ಕ್ಲಚ್ಚಿಗಿಂತ ಮುಂಚೆ ಬಾನೆಟ್ಟು. ಬಾಟಲಿಯಿಂದ ಕಾರಿಗೆ ನೀರು ಕುಡಿಸಿದ ಮೇಲೆಯೇ ಕೀಲಿ ತಿರುಗಿಸುವುದು. ಹೊಸದಾಗಿ ಸೇರಿದ್ದ ದರ್ಜಿ ಹೆಂಗಸು ಕೇಳಿಯೇ ಬಿಟ್ಟಳು: "ಅಕ್ಕಾ, ಎಲ್ಲಾ ಕಾರಿಗೂ ಹೀಗೆ ದಿನಾ ಕುಡಿಸ್ಬೇಕಾ?"

ಭಾವನ ಮರ್ಯಾದೆ ಕಾಯಲು ಹೋಗಿ ಬ್ರೇಕಕ್ಕ "ಹ್ಞೂಂ" ಎಂದಳು.

ಒಂದು ದಿನ ದರ್ಜಿ ಹೆಂಗಸು ಓಡಿಸುತ್ತಿದ್ದಾಗ, ಕಡಿದಾದ ಏರಿನ ನಡುವೆ ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು. ಬ್ರೇಕಕ್ಕ ಎಂಜಿನ್ ಆರಿಸಿ, ಹಿಂದಿನ ಚಕ್ರಕ್ಕೆ ಕಲ್ಲಿಟ್ಟು ತಲೆಯೆತ್ತುತ್ತಾಳೆ, ದರ್ಜಿ ಹೆಂಗಸು ಆಗಲೇ ಬಾನೆಟ್ ಎತ್ತಿದ್ದಾಳೆ! ಕಂಕುಳಲ್ಲಿ ಬಾಟಲಿ, ಬಟ್ಟೆ ಸುತ್ತಿದ ಕೈ ರೇಡಿಯೇಟರಿನ ಮುಚ್ಚಳದ ಮೇಲೆ. ಬ್ರೇಕಕ್ಕ ಹಾರಿ ಬಂದು ಅವಳ ರಟ್ಟೆ ಹಿಡಿದೆಳೆದಳು. ಇಬ್ಬರೂ ಧೊಪ್ಪನೆ ರಸ್ತೆಯ ಮೇಲೆ ಕೂತರು.

"ಬಿಸಿ ಇರುವಾಗ ಅದನ್ನ ತೆಗೀಬಾರ್ದು! ಕುದಿಯೋ ನೀರು ಮುಖಕ್ಕೇ ಚಿಮ್ಮತ್ತೆ!"

"ನೀವೇ ಅಲ್ವಾ ಅಕ್ಕ ಹೇಳ್ಕೊಟ್ಟಿದ್ದು, ಮೊದ್ಲು ನೀರು ಅಂತ?"

ಬ್ರೇಕಕ್ಕ ಆ ಕೈಗಳನ್ನು ನೋಡಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳ ತುದಿ, ಉಗುರಿನ ಸಂದಿಯಲ್ಲೊಂದು ನೀಲಿ ದಾರದ ಎಳೆ. ಈ ಕೈ ಬೆಂದಿದ್ದರೆ? ಅವಳ ನೆತ್ತಿಗೆ ರಕ್ತ ಏರಿತು.

ಕಾರನ್ನು ಎಳೆಸಿಕೊಂಡು ಶೆಡ್ಡಿಗೆ ಬಂದರೆ ಭಾವನ ಮೊದಲ ಮಾತು, "ಎಂಜಿನ್ ಸುಟ್ಟು ಹಾಕಿದ್ಯಲ್ಲೇ!"

ಬ್ರೇಕಕ್ಕ ಬಾನೆಟ್ ಎತ್ತಿದಳು. ಅವನ ತೋಳು ಹಿಡಿದು ಎಳೆದೊಯ್ದು, ತಣ್ಣಗಾಗಿದ್ದ ಎಂಜಿನ್ನಿನ ಮುಂದೆ ಬಗ್ಗಿಸಿದಳು. ಪಂಪಿನ ಕೆಳಗೆ ನೀರು ಹರಿದು ಒಣಗಿದ ಬಿಳಿ ಗೆರೆ ಕಾಣುತ್ತಿತ್ತು.

"ಪಂಪಿನ ಈ ಪುಲ್ಲಿ ಚಕ್ರ ಹಿಡ್ಕೊಂಡು ಅಲ್ಲಾಡಿಸಿ ಭಾವ."

ಅದು ಬೀಳಲಿರುವ ಹಾಲುಹಲ್ಲಿನಂತೆ ಅಲ್ಲಾಡಿತು.

"ಹೊಸ ಪಂಪ್ ಬರೋ ತನಕ ಈ ಕಾರಲ್ಲಿ ಯಾರನ್ನೂ ಕೂರ್ಸಲ್ಲ. ಬೇಕಿದ್ರೆ ನೀವು ಬನ್ನಿ, ಅದೇ ಏರು ಹತ್ತಿಸ್ತೀನಿ. ಹಬೆ ಬಂದಾಗ ಮುಚ್ಚಳ ನಿಮ್ಮ ಕೈಯಿಂದಾನೇ ತೆಗೀರಿ!"

ಭಾವ ತನ್ನ ಮೆತ್ತನೆಯ ಕೈಗಳನ್ನೊಮ್ಮೆ ನೋಡಿಕೊಂಡ. ಪಂಪು ಬಂತು.

ದುರಸ್ತಿಯಾದ ಮೇಲಿನ ಮೊದಲ ಪಾಠಕ್ಕೆ ಅವನೂ ಹಿಂದಿನ ಸೀಟಿನಲ್ಲಿ ಕೂತ. "ಗಾಡಿ ಕಂಡಿಷನ್ ವಿಷಯದಲ್ಲಿ ನಮ್ಮಲ್ಲಿ ರಾಜಿಯೇ ಇಲ್ಲಮ್ಮ" ಎಂದು ದರ್ಜಿ ಹೆಂಗಸಿಗೆ ದಾರಿಯುದ್ದಕ್ಕೂ ಕೊರೆದ. ಬ್ರೇಕಕ್ಕ ಹಲ್ಲು ಕಚ್ಚಿಕೊಂಡಿದ್ದಳು. ಏರು ಮುಗಿಯುತ್ತಲೇ ಅವನು ಮುಂದಕ್ಕೆ ಬಾಗಿ, "ನೋಡಿದ್ಯಾ, ಸೂಜಿ ಮಿಸುಕ್ಲಿಲ್ಲ!" ಎಂದ.

"ಭಾವ, ಮೀಟರ್ ನೋಡೋದು ಬಿಡಿ. ರಸ್ತೆ ನೋಡಿ."

ದರ್ಜಿ ಹೆಂಗಸಿಗೆ ನಗು ತಡೆಯಲಾಗದೆ ಆಕ್ಸಿಲರೇಟರ್ ಮೇಲಿನ ಕಾಲು ಅದುಮಿತು. ಬ್ರೇಕಕ್ಕನ ಪಾದ ಕೂಡಲೇ ಬ್ರೇಕ್ ಹಿಡಿಯಿತು. ಮುಂದಿನ ಇಬ್ಬರಿಗೂ ಸೀಟ್ ಬೆಲ್ಟಿತ್ತು. ಭಾವನ ಹಣೆ ಮಾತ್ರ ಮುಂದಿನ ಸೀಟಿನ ಬೆನ್ನಿಗೆ ಮೆತ್ತಗೆ ಗುದ್ದಿತು. ಆ ಬ್ರೇಕು ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಬಿದ್ದಿತ್ತು.