ಎಡಗಡೆ ಪೆಟ್ಟಿಗೆ

ಎದುರುಮನೆ ಮಾವನ ಕತ್ತು ಸದಾ ಬಲಕ್ಕೆ ತಿರುಗಿರುತ್ತಿತ್ತು. ಯಾರೇ ಮಾತಾಡಿಸಲಿ, ಮುಖ ಕೊಡದೆ ಎಡಗೆನ್ನೆ ಕೊಡುತ್ತಿದ್ದರು. ಆ ಕೆನ್ನೆಯ ಮೇಲೆ ಹುಣಸೆಬೀಜದಷ್ಟು ದೊಡ್ಡ ಮಚ್ಚೆ, ಅದರಲ್ಲಿ ಎರಡು ಬಿಳಿ ಕೂದಲು. ಯಶವಂತಪುರದ ನಮ್ಮ ಬೀದಿಯ ಕೆಲವರು ಅದನ್ನು ಜಂಬ ಅಂದುಕೊಂಡಿದ್ದರು. ಜಂಬವೂ ಇಲ್ಲ, ಮಣ್ಣೂ ಇಲ್ಲ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಪಕ್ಕ ವರ್ಷಗಟ್ಟಲೆ ನಿಂತು ಬಲಗಿವಿ ಕಳೆದುಕೊಂಡಿದ್ದರು, ಅಷ್ಟೆ.

ಹೆಸರಘಟ್ಟದ ಕಡೆಯವರು. ಅವರ ಬಾಯಲ್ಲಿ ಹಾಲು ಆಲು, ಹೂವು ಊವು. ನಾನು ಅಣಕಿಸಿದರೆ, "ಆಲು ಅಂದ್ರೂ ಕೊಡ್ತಾಳಲ್ಲ ನಿಮ್ಮತ್ತೆ, ಇನ್ನೇನು ಬೇಕು?" ಅನ್ನುವರು. ಭಾನುವಾರ ಬಂತೆಂದರೆ ಬೀದಿಯ ಕೆಟ್ಟ ರೇಡಿಯೋಗಳೆಲ್ಲ ಅವರ ಜಗುಲಿಯಲ್ಲಿ. ಅವರ ರಿಪೇರಿಗೆ ಒಂದೇ ಮಂತ್ರ: "ಕೆಟ್ಟಿರೋದನ್ನ ಉಡುಕಬ್ಯಾಡ. ಚೆನ್ನಾಗಿರೋದನ್ನ ಒಂದೊಂದಾಗಿ ಪಕ್ಕಕ್ಕಿಡು. ಉಳ್ಕೊಂಡಿದ್ದೇ ಕೆಟ್ಟಿದ್ದು."

ಅರವತ್ತರ ದಶಕ. ವರ್ಗವಾಗಿ ಹೊರಟಿದ್ದ ವಾಯುಪಡೆಯ ಅಧಿಕಾರಿಯೊಬ್ಬರಿಂದ ನಮ್ಮಣ್ಣ ಒಂದು ಸ್ಟೀರಿಯೋ ಕೊಂಡು ತಂದ. ಎರಡು ಸ್ಪೀಕರ್ ಪೆಟ್ಟಿಗೆ, ನಡುವೆ ರೆಕಾರ್ಡು ತಿರುಗುವ ಯಂತ್ರ. ಬೀದಿಗೆ ಅದೇ ಮೊದಲು. ಮುಂದಿನ ಭಾನುವಾರ ಯಲಹಂಕದಿಂದ ನನ್ನನ್ನು ನೋಡಲು ಗಂಡಿನವರು ಬರುವುದಿತ್ತು. ಅವರಿಗೆ ಹಾಡು ಕೇಳಿಸಬೇಕೆಂದು ಅಣ್ಣನಿಗೆ ಒಂದೇ ಸಂಭ್ರಮ. ನಾನು ಮಾತ್ರ ಎಡಗಡೆ ಪೆಟ್ಟಿಗೆ ಕೆಟ್ಟಿದೆ, ಸದ್ದು ಕಮ್ಮಿ ಬರ್ತಿದೆ ಎಂದು ಹಟ ಹಿಡಿದೆ. "ನಂಗೇನೋ ಸರಿಯಾಗೇ ಕೇಳ್ತಿದೆ" ಅಂದ ಅಣ್ಣ. "ಗಂಡಿನವರು ಬರೋ ಹೊತ್ತಿಗೆ ಇದಕ್ಕೂ ಕಾಯಿಲೆ ಬಂತೇನೆ?" ಎಂದು ಅಮ್ಮ ಗೊಣಗಿದಳು. ನಾನೇ ಹೋಗಿ ಮಾವನನ್ನು ಕರೆತಂದೆ.

ಮಾವ ನನ್ನನ್ನು ಎದುರಿಗಿನ ಕುರ್ಚಿಯಲ್ಲಿ ಕೂರಿಸಿ ಹಾಡು ಹಾಕಿದರು. ಮೊದಲು ಹಿಂಬದಿಯ ವೈರುಗಳನ್ನು ಅದಲುಬದಲು ಮಾಡಿದರು. ಆಗಲೂ ಎಡಗಡೆಯದೇ ಕಮ್ಮಿ. "ಅಂಗಾದ್ರೆ ಯಂತ್ರ ಸರಿ ಐತೆ, ಪಕ್ಕಕ್ಕಿಡು" ಅಂದರು. ಆಮೇಲೆ ಪೆಟ್ಟಿಗೆಗಳನ್ನೇ ಎತ್ತಿ ಆ ಕಡೆಯದನ್ನು ಈ ಕಡೆ ಇಟ್ಟರು. ಆಗಲೂ ಎಡಗಡೆಯದೇ ಕಮ್ಮಿ. ಎರಡು ಪೆಟ್ಟಿಗೆಯ ಮುಂಬದಿಯಲ್ಲಿ ಸದ್ದಿಗೆ ಅದುರುವ ಬಟ್ಟೆಯ ಮೇಲೂ ಬೆರಳಿಟ್ಟು ಕಣ್ಣು ಮುಚ್ಚಿದರು. ಕಿವಿ ಮೋಸ ಮಾಡಿದರೂ ಬೆರಳು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ನಂಬಿಕೆ. ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಕುರ್ಚಿ ಇಂಗೆ ತಿರುಗಿಸ್ಕೊ, ಮಗಳೇ. ಗೋಡೆ ಕಡೆ ಮುಖ ಮಾಡು. ಈಗ ಯಾವುದು ಕಮ್ಮಿ?"

ಪೆಟ್ಟಿಗೆಗಳಿಗೆ ಬೆನ್ನು ಮಾಡಿ ಕೂತೆ. ಇಷ್ಟು ಹೊತ್ತು ಗಟ್ಟಿಯಾಗಿ ಹಾಡುತ್ತಿದ್ದ ಪೆಟ್ಟಿಗೆ ಸಣ್ಣಗಾಗಿತ್ತು. ಕೈ ಎತ್ತಿ ಅದನ್ನೇ ತೋರಿಸಿದೆ. ಯಂತ್ರ ಸರಿ, ವೈರು ಸರಿ, ಪೆಟ್ಟಿಗೆ ಎರಡೂ ಸರಿ. ಉಳಿದವಳು ನಾನೊಬ್ಬಳೇ.

ಎರಡು ವರ್ಷದ ಹಿಂದೆ ಜ್ವರ ಬಂದು ಎಡಗಿವಿ ಸೋರಿತ್ತು. ಅಮ್ಮ ಬೆಳ್ಳುಳ್ಳಿ ಎಣ್ಣೆ ಬಿಟ್ಟಿದ್ದಳು. ವಾಸಿಯಾಯಿತು ಅಂದಿದ್ದೆ. ಒಳಗೊಳಗೇ ನನಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಹೇಳಲಾರೆ.

ಅಮ್ಮ ಕಾಫಿ ಹಿಡಿದು ಬಂದಳು. "ವೈರು ಸಡಿಲ ಇತ್ತು ಕಣವ್ವ, ಬಿಗಿ ಮಾಡಿದೀನಿ" ಅಂದರು ಮಾವ. ಹೊರಡುವಾಗ ಬಾಗಿಲ ಹೊರಗೆ ನನ್ನನ್ನು ಕರೆದರು.

"ನಾನು ಏಳಿದ್ದು ಒಂದಿನದ ಸುಳ್ಳು. ನೀನು ಮುಚ್ಚಿಟ್ಟು ಮದುವೆ ಆದ್ರೆ ದಿನಾ ಏಳ್ಬೇಕಾಯ್ತದೆ. ಗಂಡಿಗೆ ನೀನೇ ಏಳ್ಬುಡು."

"ಒಲ್ಲೆ ಅಂದ್ಬಿಟ್ರೆ, ಮಾವ?" ನನಗೆ ಅಳು ಬಂದಿತ್ತು.

"ಒಲ್ಲೆ ಅಂದ್ರೆ, ಕೆಟ್ಟಿರೋದು ಎಲ್ಲೈತೆ ಅಂತ ಗೊತ್ತಾಯ್ತಲ್ಲ."

ಭಾನುವಾರ, ಹಿತ್ತಲಲ್ಲಿ ಗಂಡಿನೊಡನೆ ಎರಡು ನಿಮಿಷ ಸಿಕ್ಕಾಗ ಹೇಳಿಬಿಟ್ಟೆ. ಅವರು ನನ್ನ ಎಡಗಡೆಯಿಂದ ಬಲಗಡೆಗೆ ಬಂದು ನಿಂತರು. ಆ ವರ್ಷವೇ ನಮ್ಮ ಮದುವೆಯಾಯಿತು.

ತವರಿಗೆ ಹೋದಾಗೆಲ್ಲ ಮಾವ ನನ್ನನ್ನು ಬಸ್ಸಿನ ತನಕ ಬಿಟ್ಟು ಬರುತ್ತಿದ್ದರು. ಅವರಿಗೆ ಬಲಗಿವಿ ಇಲ್ಲ, ನನಗೆ ಎಡಗಿವಿ. ಅವರು ನನ್ನ ಬಲಕ್ಕೆ ನಡೆದರೆ ಇಬ್ಬರಿಗೂ ಸರಿಯಾಗಿ ಕೇಳುತ್ತಿತ್ತು. "ನಾವಿಬ್ರೂ ಸೇರಿದ್ರೆ ಒಂದು ಸ್ಟೀರಿಯೋ ಕಣಮ್ಮ" ಎಂದು ನಗುವರು. ಆ ಕಾಲುಹಾದಿ, ಆ ನಗು ಇನ್ನೊಮ್ಮೆ ಸಿಗುವುದಾದರೆ ಈ ಉಳಿದ ಕಿವಿಯನ್ನೂ ಕೊಟ್ಟುಬಿಡುತ್ತೇನೆ.

ಐದಾರು ವರ್ಷದ ಮೇಲೆ ಮಾವ ಹಾಸಿಗೆ ಹಿಡಿದರು. ಅಷ್ಟರಲ್ಲಿ ಅವರ ಎಡಗಿವಿಯೂ ಹೋಗಿತ್ತು. "ಎಷ್ಟು ಕೂಗಿದ್ರೂ ಕೇಳ್ಸಲ್ಲ ಕಣೆ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಪಕ್ಕ ಕೂತೆ. ಮಾವ ಕೈ ಎತ್ತಿ, ಹಿಂದೆ ಪೆಟ್ಟಿಗೆಯ ಬಟ್ಟೆಯ ಮೇಲೆ ಇಟ್ಟಿದ್ದ ಹಾಗೆಯೇ, ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು.

"ಮಾತಾಡು."

ಅಷ್ಟು ವರ್ಷ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಹೇಳಿದೆ. ನಾನಿವತ್ತು ಬಾಳುತ್ತಿರುವ ಮನೆ ನೀವು ಕೊಟ್ಟದ್ದು ಅಂದೆ. ಒಂದು ಮಾತೂ ಅವರಿಗೆ ಕೇಳಲಿಲ್ಲ. ಮುಗಿಯುವ ತನಕ ಬೆರಳು ತೆಗೆಯಲಿಲ್ಲ.

"ಸರಿ ಐತೆ" ಅಂದರು.